ಸಿಕ್ಕ ಕಲ್ಲು ಪಳೆಯುಳಿಕೆಯೇ? ಕಲ್ಲಿಗಿಂತ ಮೊದಲು ನೆಲವನ್ನು ಕೇಳಿ

ಬಾವಿ ತೋಡುವಾಗಲೋ, ಹೊಲ ಉಳುವಾಗಲೋ, ಬೆಟ್ಟ ಹತ್ತುವಾಗಲೋ ಒಂದು ವಿಚಿತ್ರ ಕಲ್ಲು ಸಿಗುತ್ತದೆ. ಮೊಟ್ಟೆಯ ಹಾಗೆ ದುಂಡಗಿರುತ್ತದೆ. ಇಲ್ಲವೇ ಮೂಳೆಯ ಹಾಗೆ ಉದ್ದಕ್ಕಿರುತ್ತದೆ. ಕೆಲವೊಮ್ಮೆ ಮೈಮೇಲೆ ಎಲೆಯ ಗುರುತಿರುತ್ತದೆ. ಇದು ಪಳೆಯುಳಿಕೆ ಇರಬಹುದಾ ಅಂತ ಮನಸ್ಸು ಕುಣಿಯುತ್ತದೆ. ಆ ಕುತೂಹಲ ಒಳ್ಳೆಯದು. ನಮ್ಮ ದೇಶದ ಎಷ್ಟೋ ಪಳೆಯುಳಿಕೆಗಳು ಮೊದಲು ಕಂಡಿದ್ದು ರೈತರ, ಕಲ್ಲುಗಣಿ ಕೆಲಸಗಾರರ ಕಣ್ಣಿಗೆ.

ಆದರೆ ನಾವು ಮಾಡುವ ಮೊದಲ ಕೆಲಸವೇ ದಾರಿ ತಪ್ಪಿಸುತ್ತದೆ. ಕಲ್ಲನ್ನು ಎತ್ತಿ ಮನೆಗೆ ತರುತ್ತೇವೆ, ತೊಳೆಯುತ್ತೇವೆ, ಫೋಟೊ ತೆಗೆದು ನಾಲ್ಕು ಜನಕ್ಕೆ ಕಳಿಸುತ್ತೇವೆ. ಎಲ್ಲಿ ಸಿಕ್ಕಿತು, ಯಾವ ಬಂಡೆಯೊಳಗೆ ಕೂತಿತ್ತು ಅನ್ನೋದು ಅಲ್ಲೇ ಕಳೆದುಹೋಗುತ್ತದೆ. ಅರ್ಧಕ್ಕಿಂತ ಜಾಸ್ತಿ ಉತ್ತರ ಇರುವುದು ಆ ಜಾಗದಲ್ಲೇ. ಅದಕ್ಕೇ ಇಲ್ಲಿ ಮೊದಲು ನೆಲ, ಆಮೇಲೆ ಕಲ್ಲು.

ಎತ್ತುವ ಮೊದಲು

ಕಲ್ಲು ಇದ್ದ ಜಾಗದಲ್ಲೇ ಇರಲಿ. ಪಕ್ಕದಲ್ಲಿ ಒಂದು ನಾಣ್ಯ ಅಥವಾ ಸ್ಕೇಲ್ ಇಟ್ಟು ಮೇಲಿನಿಂದ, ಬದಿಯಿಂದ ಫೋಟೊ ತೆಗೆಯಿರಿ. ಹತ್ತು ಹೆಜ್ಜೆ ಹಿಂದೆ ಸರಿದು ಸುತ್ತಲಿನ ಜಾಗವೂ ಕಾಣುವ ಹಾಗೆ ಇನ್ನೊಂದು ತೆಗೆಯಿರಿ. ಮೊಬೈಲ್ ಮ್ಯಾಪಿನಲ್ಲಿ ಆ ಜಾಗದ ಗುರುತನ್ನು ಉಳಿಸಿಕೊಳ್ಳಿ. ಬಾವಿಯಲ್ಲೋ ಗುಂಡಿಯಲ್ಲೋ ಸಿಕ್ಕಿದ್ದರೆ ಎಷ್ಟು ಅಡಿ ಆಳದಲ್ಲಿ, ಯಾವ ಬಣ್ಣದ ಮಣ್ಣಿನ ಕೆಳಗೆ ಅಂತ ಬರೆದಿಡಿ.

ಸುತ್ತಿಗೆ ಬೇಡ. ಒಳಗೆ ಏನಿದೆ ನೋಡೋಣ ಅಂತ ಒಡೆದರೆ, ನಿಜವಾದ ಪಳೆಯುಳಿಕೆಯಾಗಿದ್ದರೂ ಅದರ ಕಥೆ ಅಲ್ಲಿಗೇ ಮುಗಿಯುತ್ತದೆ.

ಈ ನೆಲ ಪಳೆಯುಳಿಕೆ ಇಟ್ಟುಕೊಳ್ಳುವ ನೆಲವೇ?

ಜೀವಿ ಸತ್ತ ಮೇಲೆ ಕೆಸರು, ಮರಳು, ಸುಣ್ಣ ಅಥವಾ ಬೂದಿ ಅದನ್ನು ಬೇಗ ಮುಚ್ಚಬೇಕು. ಆ ಪದರ ನಿಧಾನಕ್ಕೆ ಕಲ್ಲಾಗಬೇಕು. ಹಾಗಾಗಿ ಪಳೆಯುಳಿಕೆ ಸಿಗುವುದು ಹೆಚ್ಚಾಗಿ ಸುಣ್ಣದಕಲ್ಲು, ಜೇಡಿಕಲ್ಲು, ಮರಳುಗಲ್ಲಿನಂಥ ಪದರಗಲ್ಲುಗಳಲ್ಲಿ. ಕರಗಿದ ಶಿಲಾಪಾಕ ಆರಿ ಆದ ಗ್ರಾನೈಟಿನಲ್ಲಿ, ಒತ್ತಡ ಮತ್ತು ಬಿಸಿಗೆ ಸಿಕ್ಕಿ ಮರುರೂಪ ಪಡೆದ ನೈಸ್ ಕಲ್ಲಿನಲ್ಲಿ ಮೂಳೆ, ಚಿಪ್ಪು ಉಳಿಯುವ ಮಾತೇ ಇಲ್ಲ.

ಕರ್ನಾಟಕದ ಮಟ್ಟಿಗೆ ಇದು ದೊಡ್ಡ ಸುಳಿವು. ಬೆಂಗಳೂರು, ಮೈಸೂರು, ಮಂಡ್ಯ, ಕೋಲಾರ, ತುಮಕೂರಿನ ಕಡೆ ಕಾಲಿಟ್ಟಲ್ಲೆಲ್ಲ ಸಿಗುವುದು ಹಳೆಯ ನೈಸ್ ಮತ್ತು ಗ್ರಾನೈಟ್. ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಗಟ್ಟಿ ಚಿಪ್ಪಿನ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಂಡಿದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಅಂಥ ಬಂಡೆಯಲ್ಲಿ ಡೈನೊಸಾರ್ ಮೊಟ್ಟೆ ಹುಡುಕಿದರೆ ಸಿಗಲು ಸಾಧ್ಯವೇ ಇಲ್ಲ. ನಿಮ್ಮ ಕಲ್ಲು ಇಂಥ ಬಂಡೆಯಿಂದಲೇ ಕಳಚಿ ಬಂದಿದ್ದರೆ, ಆಕಾರ ಎಷ್ಟೇ ಮೊಟ್ಟೆಯಂತಿದ್ದರೂ ಅದು ಮೊಟ್ಟೆಯಲ್ಲ.

ಹಾಗಂತ ನಮ್ಮ ರಾಜ್ಯ ಬರಿದಲ್ಲ. ಎಲ್ಲೆಲ್ಲಿ ಆಸೆ ಇಟ್ಟುಕೊಳ್ಳಬಹುದು ಅಂತ ಒಂದೊಂದಾಗಿ ನೋಡೋಣ.

ಚಿತ್ರದುರ್ಗದ ಕಡೆಯ ಹಳೆಯ ಸುಣ್ಣದಕಲ್ಲು ಮತ್ತು ಅದರ ಜಾತಿಯದೇ ಆದ ಡೋಲೊಮೈಟ್ ಪದರಗಳಲ್ಲಿ, ವಾಣಿವಿಲಾಸ ಸಾಗರದ ಹೆಸರನ್ನೇ ಹೊತ್ತ ಶಿಲಾಸಮೂಹದಲ್ಲಿ, ಸ್ಟ್ರೊಮಾಟೊಲೈಟ್‌ಗಳಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಯಂಥ ಹಾಸು, ಅದರ ಮೇಲೆ ಸುಣ್ಣದ ಹೂಳು, ಮತ್ತೆ ಹಾಸು. ಹೀಗೆ ಪದರ ಪದರವಾಗಿ ಬೆಳೆದ ದಿಬ್ಬಗಳು ಅವು. ಬಾಗಲಕೋಟೆ ಸುತ್ತಲಿನ ಕಲಾದಗಿ ಪ್ರದೇಶದ ಡೋಲೊಮೈಟಿನಲ್ಲೂ ಅವು ಇವೆ. ಮೂಳೆಯೂ ಇಲ್ಲ, ಚಿಪ್ಪೂ ಇಲ್ಲ, ಆದರೂ ನಿಜವಾದ ಪಳೆಯುಳಿಕೆಗಳು. ಕರ್ನಾಟಕದ ಅತಿ ಹಳೆಯ ಜೀವದ ಗುರುತುಗಳಲ್ಲಿ ಇಂಥವೂ ಸೇರಿವೆ. ಡೈನೊಸಾರ್‌ಗೆ ಸಿಗುವ ಮರ್ಯಾದೆಯ ಕಾಲು ಭಾಗವಾದರೂ ಇವಕ್ಕೆ ಸಿಗಬೇಕಿತ್ತು ಅನ್ನೋದು ನನ್ನ ಅನಿಸಿಕೆ.

ಕಲಬುರಗಿ, ಶಹಾಬಾದ್ ಕಡೆಯ ಸುಣ್ಣದಕಲ್ಲು ನೋಡಲು ಪಳೆಯುಳಿಕೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದೂ ಚಿಪ್ಪಿನ ಪ್ರಾಣಿಗಳು ಬರುವ ಮುಂಚಿನದು. ಅದರಲ್ಲಿ ಶಂಖ, ಮೀನು ಹುಡುಕಬೇಡಿ.

ಉತ್ತರದ ಜಿಲ್ಲೆಗಳಲ್ಲಿ ಹರಡಿರುವ ಕರಿ ಬಸಾಲ್ಟ್ ಲಾವಾ ಆರಿದ ಕಲ್ಲು, ವಯಸ್ಸು ಸುಮಾರು 6.6 ಕೋಟಿ ವರ್ಷ. ಲಾವಾದಲ್ಲಿ ಜೀವಿ ಉಳಿಯಲ್ಲ. ಆದರೆ ಒಂದು ಲಾವಾ ಹರಿವಿಗೂ ಇನ್ನೊಂದಕ್ಕೂ ನಡುವೆ ಎಷ್ಟೋ ಕಾಲ ಬಿಡುವಿತ್ತು. ಆ ಬಿಡುವಿನಲ್ಲಿ ಕೆರೆಗಳಾದವು, ಬಸವನಹುಳುಗಳು ಬಂದವು, ಗಿಡ ಬೆಳೆದವು. ಮುಂದಿನ ಲಾವಾ ಅದೆಲ್ಲವನ್ನೂ ಮುಚ್ಚಿತು. ಯಾದಗಿರಿ ಜಿಲ್ಲೆಯ ಗುರುಮಠಕಲ್ ಸುತ್ತ ಇಂಥ ಕೆರೆ ಪದರಗಳಿಂದ ಸಿಹಿನೀರಿನ ಸಣ್ಣ ಜೀವಿಗಳ ಪಳೆಯುಳಿಕೆಗಳು ಸಿಕ್ಕಿವೆ. ಕರಿಕಲ್ಲಿನ ನಡುವೆ ಬಿಳಿ ಅಥವಾ ಬೂದು ಬಣ್ಣದ ತೆಳು ಪಟ್ಟಿ ಕಂಡರೆ ಅಲ್ಲಿ ನಿಲ್ಲಿ, ಬಗ್ಗಿ ನೋಡಿ.

ಕೊನೆಯದು ಹೊಳೆ, ಹಳ್ಳಗಳ ಹಳೆಯ ಜಲ್ಲಿ ಮತ್ತು ಹೂಳು. ಗೋಕಾಕದ ಬಳಿ ಹಳ್ಳದ ಹೂಳಿನಲ್ಲಿ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯ ವಿವರವನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಪ್ರಕಟಿಸಿದರು. ಈಗ ಆ ಕಡೆ ಘೇಂಡಾಮೃಗ ಅಂದರೆ ಯಾರೂ ನಂಬಲಿಕ್ಕಿಲ್ಲ, ಅಲ್ವಾ? ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವರ ಕಲ್ಲಿನ ಉಪಕರಣಗಳ ಜೊತೆ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲಿನಿಂದ ಆ ನೆಲೆಗೆ ಸುಮಾರು 12 ಲಕ್ಷ ವರ್ಷ ಅಂತ ವಯಸ್ಸು ಕಟ್ಟಿದ್ದಾರೆ. ಹಾಗಾಗಿ ಕೃಷ್ಣಾ, ಘಟಪ್ರಭಾ, ಭೀಮಾ ದಂಡೆಯ ಹಳೆಯ ಜಲ್ಲಿಯಲ್ಲಿ ಭಾರವಾದ ಹಲ್ಲು ಅಥವಾ ಮೂಳೆ ಸಿಕ್ಕರೆ ಹಗುರವಾಗಿ ಎಣಿಸಬೇಡಿ.

ಇನ್ನೊಂದು ಸಾಧ್ಯತೆ ಮರೆಯಬಾರದು. ಕಲ್ಲು ಆ ಊರಿನದೇ ಆಗಿರಬೇಕೆಂದಿಲ್ಲ. ಮನೆ ಕಟ್ಟಲು ತಂದ ಜಲ್ಲಿ, ತೋಟಕ್ಕೆ ತಂದ ಅಲಂಕಾರದ ಕಲ್ಲು ಎಲ್ಲಿಂದಲೋ ಬಂದಿರುತ್ತದೆ. ಜೈಸಲ್ಮೇರಿನ ಹಳದಿ ಸುಣ್ಣದಕಲ್ಲಿನ ನೆಲಹಾಸಿನಲ್ಲಿ ಚಿಪ್ಪಿನ ಅಡ್ಡಕೊಯ್ತ ಕಾಣುವುದುಂಟು. ಅದು ನಿಜವಾದ ಪಳೆಯುಳಿಕೆಯೇ, ಆದರೆ ಬೆಂಗಳೂರಿನದಲ್ಲ.

ಬಂಡೆಯೊಳಗೆ ಇದೆಯೋ, ಮೇಲೆ ಅಂಟಿದೆಯೋ

ಈ ಒಂದು ಪ್ರಶ್ನೆ ದೊಡ್ಡ ದೊಡ್ಡವರನ್ನೂ ಸೋಲಿಸಿದೆ. ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಯ ಮೇಲ್ಭಾಗದಲ್ಲಿ ಎಲೆಯಂಥ, ಸಾಲು ಸಾಲು ಗೆರೆಗಳ ಒಂದು ಗುರುತು ಕಂಡಿತು. ಅದು ಡಿಕಿನ್ಸೋನಿಯಾ ಎಂಬ ಬಹಳ ಹಳೆಯ ಜೀವಿಯ ಪಳೆಯುಳಿಕೆ ಅಂತ 2021ರಲ್ಲಿ ವಿಜ್ಞಾನ ಪತ್ರಿಕೆಯಲ್ಲೇ ಪ್ರಕಟವಾಯಿತು. ದೇಶವೆಲ್ಲ ಸುದ್ದಿಯಾಯಿತು. ಮುಂದೆ ಇನ್ನೊಂದು ತಂಡ ಅಲ್ಲಿಗೆ ಹೋಗಿ ನೋಡಿದಾಗ ಆ ಗುರುತು ಬಂಡೆಯಿಂದ ಸುಲಿದು ಬರುತ್ತಿತ್ತು. ಅದು ಹೆಜ್ಜೇನು ಗೂಡು ಕಿತ್ತುಹೋದ ಮೇಲೆ ಉಳಿದ ಕಲೆ ಅಂತ 2023ರಲ್ಲಿ ತಿಳಿಸಿದರು. ಮೊದಲ ತಂಡದವರೂ ಅದನ್ನು ಒಪ್ಪಿಕೊಂಡರು. ವಿಜ್ಞಾನ ಹೀಗೇ ನಡೆಯಬೇಕು, ಅದು ನನಗೆ ತುಂಬಾ ಹಿಡಿಸಿದ ಮಾತು.

ನೀವೂ ಅದನ್ನೇ ನೋಡಿ. ಗುರುತು ಬಂಡೆಯ ಪದರದ ಜೊತೆಗೇ ಸಾಗುತ್ತದೆಯೇ? ಪದರದ ಒಳಕ್ಕೂ ಹೋಗಿದೆಯೇ? ಮುರಿದ ಅಂಚಿನಲ್ಲಿ ಅದರ ದಪ್ಪ ಕಾಣುತ್ತದೆಯೇ? ಉಗುರಿನಿಂದ ಮೆಲ್ಲಗೆ ಮುಟ್ಟಿದರೆ ಪುಡಿಯಾಗಿ ಉದುರುತ್ತದೆಯೇ? ಬಿರುಕನ್ನು ದಾಟಿ ಮೇಲ್ಮೈ ಮೇಲಷ್ಟೇ ಹರಡಿದ್ದರೆ ಅದು ಪಾಚಿ, ಕಲ್ಲುಹೂವು, ಗೂಡು, ಕಲೆ ಇಂಥದ್ದೇನೋ ಆಗಿರುತ್ತದೆ.

ಈಗ ಕಲ್ಲನ್ನು ನೋಡಿ: ಆಕಾರ ಬಿಡಿ, ರಚನೆ ಹಿಡಿಯಿರಿ

ಹೊರಗಿನ ಆಕಾರ ಸುಲಭಕ್ಕೆ ಮೋಸ ಮಾಡುತ್ತದೆ. ಕಲ್ಲು ಯಾವ ಆಕಾರಕ್ಕೆ ಬೇಕಾದರೂ ಸವೆಯಬಹುದು. ಜೀವಿಯ ದೇಹದಲ್ಲಿ ಮಾತ್ರ ಒಂದು ಕ್ರಮ ಇರುತ್ತದೆ: ಎರಡೂ ಬದಿ ಒಂದೇ ಥರ ಇರುವುದು, ಸಮ ದೂರದಲ್ಲಿ ಮತ್ತೆ ಮತ್ತೆ ಬರುವ ಏಣು, ಬೆಳೆಯುತ್ತಾ ಹೋದ ಗುರುತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಸಣ್ಣ ಮಸೂರ ಕೊಳ್ಳಿ. ಕಲ್ಲನ್ನು ಸ್ವಲ್ಪ ನೀರಿನಿಂದ ಒದ್ದೆ ಮಾಡಿ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಉಬ್ಬುತಗ್ಗು ಕಾಣಲ್ಲ. ಮೂಳೆಯ ಹಾಗೆ ಕಾಣುವುದು ಪುಡಿಪುಡಿಯಾಗುವಂತಿದ್ದರೆ ಒದ್ದೆ ಮಾಡಬೇಡಿ.

ಮೂಳೆಯಾದರೆ ಮುರಿದ ತುದಿಯನ್ನು ನೋಡಿ. ಹೊರಗೆ ಒತ್ತಾದ ಗಟ್ಟಿ ಪದರ, ಒಳಗೆ ಗೂಡುಗೂಡು. ಗಟ್ಟಿ ಮೈಸೂರು ಪಾಕನ್ನು ಮುರಿದಾಗ ಕಾಣುವ ತೂತುಗಳನ್ನು ನೆನೆಸಿಕೊಳ್ಳಿ, ಸುಮಾರು ಹಾಗೇ. ಪಳೆಯುಳಿಕೆಯಲ್ಲಿ ಈ ತೂತುಗಳಿಗೆ ಖನಿಜ ತುಂಬಿರುತ್ತದೆ, ಅದಕ್ಕೇ ತೂಕ ಜಾಸ್ತಿ. ಮುರಿದ ತುದಿ ಒಳಗೂ ಹೊರಗೂ ಒಂದೇ ಥರ ಇದ್ದರೆ ಅದು ಮೂಳೆಯಾಗಿರುವ ಸಾಧ್ಯತೆ ಕಡಿಮೆ. ಹಗುರವಾಗಿದ್ದು ಬಿಳಿಚಿಕೊಂಡಿದ್ದರೆ ಇತ್ತೀಚೆಗೆ ಹೂತ ದನದ್ದೋ ನಾಯಿಯದ್ದೋ ಮೂಳೆ ಇರಬಹುದು. ಮನುಷ್ಯರ ಮೂಳೆ ಅನ್ನಿಸಿದರೆ ಅಲ್ಲಿಗೆ ಬಿಟ್ಟು ಪೊಲೀಸರಿಗೆ ತಿಳಿಸಿ.

ಹಲ್ಲು ಗುರುತಿಸುವುದು ಇನ್ನೂ ಸುಲಭ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ನುಣುಪಾಗಿ ಹೊಳೆಯುತ್ತದೆ, ಸುತ್ತಲಿನ ಭಾಗ ಮಂಕಾಗಿರುತ್ತದೆ. ಆನೆಯ ದವಡೆ ಹಲ್ಲಿನ ಮೇಲೆ ಅಡ್ಡಡ್ಡ ಏಣುಗಳ ಸಾಲಿರುತ್ತದೆ. ದನದ ಹಲ್ಲಿನ ಮೇಲೆ ಅರ್ಧಚಂದ್ರದ ಆಕಾರಗಳಿರುತ್ತವೆ.

ಕಲ್ಲಾದ ಮರವನ್ನು ಉದ್ದಕ್ಕೆ ನೋಡಿದರೆ ನಾರು, ಅಡ್ಡಕ್ಕೆ ನೋಡಿದರೆ ಸಣ್ಣ ಸಣ್ಣ ಕೊಳವೆಗಳ ಬಾಯಿ. ಅಡ್ಡಕೊಯ್ತದ ಈ ಚುಕ್ಕಿಗಳೇ ಮುಖ್ಯ. ಬರೀ ಉದ್ದ ಗೆರೆ ಕಂಡರೆ ಸಾಲದು, ಬಣ್ಣದ ಪಟ್ಟಿಗಳಿರುವ ಮರಳುಗಲ್ಲೂ ಮರದ ಹಾಗೇ ಕಾಣುತ್ತದೆ. ಕಲ್ಲಾದ ಮರ ಹೆಚ್ಚಾಗಿ ಸಿಲಿಕಾ ತುಂಬಿದ್ದು, ಚಾಕುವಿಗೆ ಗೀರು ಬೀಳಲ್ಲ. ಕಣ್ಣಿಗೆ ಅಭ್ಯಾಸ ಆಗಬೇಕೆಂದರೆ ಪುದುಚೇರಿಗೆ ಹತ್ತಿರದ ತಿರುವಕ್ಕರೈ ಮರದ ಪಳೆಯುಳಿಕೆ ಉದ್ಯಾನಕ್ಕೆ ಹೋಗಿ ಬನ್ನಿ. ಪೆರಂಬಲೂರು ಜಿಲ್ಲೆಯ ಸಾತ್ತನೂರಿನಲ್ಲಿ ಸುಮಾರು 18 ಮೀಟರ್ ಉದ್ದದ ಇಡೀ ಕಾಂಡವೇ ಮಲಗಿದೆ.

ಚಿಪ್ಪು ಮತ್ತು ಸುರುಳಿಗೆ ಒಳ್ಳೆಯ ಪಾಠ ನಮ್ಮ ದೇವರ ಮನೆಗಳಲ್ಲೇ ಇದೆ. ನೇಪಾಳದ ಕಾಳಿ ಗಂಡಕಿ ನದಿಯಿಂದ ಬರುವ ಸಾಲಿಗ್ರಾಮಗಳಲ್ಲಿ ಕಾಣುವ ಚಕ್ರ ಅಮ್ಮೊನೈಟ್ ಎಂಬ ಸಮುದ್ರಜೀವಿಯ ಗುರುತು. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ ಕರಿ ಕೆಸರಿನಲ್ಲಿ ಅವು ಹೂತುಹೋದವು. ಮನೆಯಲ್ಲಿ ಸಾಲಿಗ್ರಾಮ ಇದ್ದರೆ ಮಡಿಯಲ್ಲೇ ನಿಧಾನವಾಗಿ ನೋಡಿ. ಸುರುಳಿ ಒಳಗಿನಿಂದ ಹೊರಗೆ ಒಂದೇ ಕ್ರಮದಲ್ಲಿ ಅಗಲವಾಗುತ್ತಾ ಹೋಗುತ್ತದೆ, ಏಣುಗಳ ನಡುವಿನ ದೂರವೂ ಕ್ರಮವಾಗಿ ಹೆಚ್ಚುತ್ತದೆ. ಕೆತ್ತಿ ಮಾರುವ ನಕಲಿಯಲ್ಲಿ ಈ ಕ್ರಮ ತಪ್ಪುತ್ತದೆ, ಉಳಿಯ ಗೀರೂ ಕಾಣಬಹುದು. ಭಕ್ತಿಗೂ ಈ ನೋಟಕ್ಕೂ ಜಗಳವಿಲ್ಲ. ಇಷ್ಟು ಹಳೆಯ ಜೀವವೊಂದನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದೇವೆ ಅನ್ನೋದು ನನಗಂತೂ ಹೆಮ್ಮೆಯ ವಿಷಯ.

ಸ್ಟ್ರೊಮಾಟೊಲೈಟ್ ಗುರುತಿಸಲು ತಾಳ್ಮೆ ಬೇಕು. ಬದಿಯಿಂದ ನೋಡಿದರೆ ತೆಳು ಪದರಗಳು ಮೇಲಕ್ಕೆ ಗುಮ್ಮಟದ ಆಕಾರದಲ್ಲಿ ಉಬ್ಬಿರುತ್ತವೆ. ಮೇಲಿನಿಂದ ನೋಡಿದರೆ ಒಂದರೊಳಗೊಂದು ವೃತ್ತಗಳು. ಪದರಗಳು ನೇರ ಗೆರೆಯಲ್ಲಿರದೆ ಸಣ್ಣಗೆ ಸುಕ್ಕುಗಟ್ಟಿರುತ್ತವೆ, ಗುಮ್ಮಟದ ತುದಿಯಲ್ಲಿ ಹೆಚ್ಚಾಗಿ ತುಸು ದಪ್ಪ. ಆದರೆ ಮಡಿಚಿಕೊಂಡ ಬಂಡೆಯೂ ಹೀಗೆ ಕಾಣುತ್ತದೆ. ವ್ಯತ್ಯಾಸ ಇಷ್ಟು: ಮಡಿಕೆಯಾದರೆ ಅಕ್ಕಪಕ್ಕದ, ಮೇಲೆ ಕೆಳಗಿನ ಪದರಗಳೂ ಒಟ್ಟಿಗೇ ಬಾಗಿರುತ್ತವೆ. ಸ್ಟ್ರೊಮಾಟೊಲೈಟ್ ಆದರೆ ಕೆಳಗಿನ ಪದರ ಚಪ್ಪಟೆಯಾಗಿದ್ದು, ಅದರ ಮೇಲಿಂದ ದಿಬ್ಬ ಶುರುವಾಗುತ್ತದೆ. ಇದನ್ನು ಕೈಯಲ್ಲಿ ಹಿಡಿದ ತುಂಡಿನಲ್ಲಿ ಹೇಳುವುದು ಕಷ್ಟ. ಇಲ್ಲೂ ಜಾಗವೇ ಬೇಕು.

ಮತ್ತೆ ಮತ್ತೆ ಮೋಸ ಮಾಡುವವು

ದುಂಡು ಕಲ್ಲುಗಳದ್ದೇ ದೊಡ್ಡ ಕಾಟ. 2020ರ ಅಕ್ಟೋಬರಿನಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂನಲ್ಲಿ ಕೆರೆ ಹೂಳೆತ್ತುವಾಗ ದೊಡ್ಡ ದೊಡ್ಡ ಗುಂಡುಗಳು ಸಿಕ್ಕವು. ಡೈನೊಸಾರ್ ಮೊಟ್ಟೆ ಅಂತ ಸಾಮಾಜಿಕ ಜಾಲತಾಣಗಳಲ್ಲಿ ಹಬ್ಬಿತು. ಭೂವಿಜ್ಞಾನಿಗಳು ನೋಡಿದರೆ ಅವು ಸಮುದ್ರದ ಹೂಳು ಗಟ್ಟಿಯಾಗಿ ಆದ ಗುಂಡುಗಳು. ಅಂಥವುಗಳ ನಡುವೆ ಅಮ್ಮೊನೈಟ್ ಇರುವುದುಂಟು. ಮೊಟ್ಟೆಯಂತೂ ಅಲ್ಲ. ಮೊಟ್ಟೆಯಾದರೆ ತೆಳುವಾದ ಓಡು ಬೇರೆಯಾಗಿ ಕಾಣಬೇಕು, ಅದರ ಮೇಲೆ ಸಣ್ಣ ಗಂಟುಗಳೋ ರಂಧ್ರಗಳೋ ಇರಬೇಕು. ನಮ್ಮಲ್ಲಿ ಬಸಾಲ್ಟ್ ಮತ್ತು ಗ್ರಾನೈಟ್ ಬಿಸಿಲುಮಳೆಗೆ ಮೂಲೆಗಳು ಸವೆದು ಪದರ ಪದರವಾಗಿ ಕಳಚಿ ದುಂಡಗಾಗುತ್ತವೆ. ಈ ಪದರ ಬೆರಳಿನಷ್ಟು ದಪ್ಪ ಇರಬಹುದು, ಮೊಟ್ಟೆಯೋಡು ಮಿಲಿಮೀಟರುಗಳ ಲೆಕ್ಕ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿದ ಲಾವಾ ದಿಂಬುಗಳ ಹಾಗೆ ಆರಿ ನಿಂತಿದೆ. ಅದೂ ಜೀವಿಯಲ್ಲ, ಆದರೆ ನೋಡಲೇಬೇಕಾದ ಜಾಗ.

ಎಲ್ಲ ಸಲವೂ ನಿರಾಶೆಯೇ ಅಂದುಕೊಳ್ಳಬೇಡಿ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡಲ್ಯಾದಲ್ಲಿ ಹೊಲ ಕಾಯುವ ದೇವರೆಂದು ಪೂಜಿಸುತ್ತಿದ್ದ ಗುಂಡುಗಳು ಡೈನೊಸಾರ್ ಮೊಟ್ಟೆಗಳೆಂದು 2023ರಲ್ಲಿ ತಜ್ಞರು ಹೇಳಿದರು. ಆ ಸೀಮೆಯ ನೆಲ ಅಂಥದ್ದು, ಅಲ್ಲಿ ಮೊಟ್ಟೆ ಸಿಗುವುದು ಹೊಸದಲ್ಲ.

ಶಹಾಬಾದ್ ಕಲ್ಲಿನ ಮೇಲೆ ಕಪ್ಪು ಜರೀಗಿಡದ ಚಿತ್ರ ಕಂಡಿದ್ದೀರಾ? ಅದು ಗಿಡವಲ್ಲ. ಬಿರುಕಿನಲ್ಲಿ ಮ್ಯಾಂಗನೀಸ್ ಬೆರೆತ ನೀರು ಇಳಿದು ಕವಲೊಡೆದು ಹೆಪ್ಪುಗಟ್ಟಿದ್ದು. ನಿಜವಾದ ಎಲೆಗೆ ನಡುನರ ಇರುತ್ತದೆ, ಅಂಚು ಇರುತ್ತದೆ. ಇದರಲ್ಲಿ ಎರಡೂ ಇಲ್ಲ, ಬರೀ ಕವಲು.

ಎರೆಭೂಮಿಯಲ್ಲಿ ಸಿಗುವ ಸುಣ್ಣದ ಕಂಕರು ಬೇರಿನ ಸುತ್ತ ಬೆಳೆದರೆ ಥೇಟ್ ಬೆರಳಿನ ಮೂಳೆ. ಮುರಿದರೆ ಒಳಗೆ ಮೂಳೆಯ ಗೂಡುಗಳಿಲ್ಲ, ಸುಣ್ಣದ ಹಿಟ್ಟು ಮತ್ತು ಮಣ್ಣು. ಹೀಗೆ ಮುರಿದು ನೋಡುವುದಾದರೆ ಸುತ್ತಮುತ್ತ ಹತ್ತಾರು ಬಿದ್ದಿದ್ದಾಗ ಮಾತ್ರ, ಅದೂ ಒಂದನ್ನು. ಕರಾವಳಿಯ ಮುರಕಲ್ಲಿನ ಕೊಳವೆಗಳು, ಬಾದಾಮಿ ಕಡೆಯ ಮರಳುಗಲ್ಲಿನ ಮೇಲಿನ ಅಲೆಗಳ ಗುರುತು, ಹೊಳೆಯ ಸುಳಿ ಕೊರೆದ ಕುಳಿಗಳು ಇವೂ ಪಳೆಯುಳಿಕೆಗಳಲ್ಲ.

ಕಬ್ಬಿಣದ ಕಿಟ್ಟ (ಅದಿರು ಕರಗಿಸಿದಾಗ ಉಳಿಯುವ ಗಟ್ಟಿ ಕಸ) ಮತ್ತು ಬೂದಿದಿಬ್ಬದ ಗಟ್ಟಿಗಳು ಬೇರೆ ಜಾತಿ. ಬಳ್ಳಾರಿಯ ಕುಡತಿನಿಯಂಥ ಕಡೆ ನವಶಿಲಾಯುಗದ ಜನ ಸಗಣಿ ಸುಟ್ಟ ದಿಬ್ಬಗಳಲ್ಲಿ ಕರಗಿ ಗಾಜಾದ ತುಂಡುಗಳೂ ದನದ ಮೂಳೆಯೂ ಸಿಗುತ್ತವೆ. ಪಳೆಯುಳಿಕೆ ಅಲ್ಲದಿದ್ದರೂ ಅವು ಪುರಾತತ್ವದ ಆಸ್ತಿ. ಎರಡೂ ಬದಿ ಚೆಕ್ಕೆ ಎಬ್ಬಿಸಿ ಚೂಪು ಮಾಡಿದ ಕಲ್ಲು ಸಿಕ್ಕರೂ ಹಾಗೇ: ಅದು ಆದಿಮಾನವರ ಕೈಕೊಡಲಿ ಇರಬಹುದು. ಜಾಗದಿಂದ ಕದಲಿಸಬೇಡಿ.

ಮನೆಯ ಪರೀಕ್ಷೆಗಳಿಗೆ ಎಷ್ಟು ಬೆಲೆ

ವಿನೆಗರ್ ಹನಿಸಿದರೆ ನೊರೆ ಬಂತು ಅಂದರೆ ಸುಣ್ಣದ ಅಂಶ ಇದೆ ಅಂತಷ್ಟೇ ಅರ್ಥ. ಜೀವಿ ಇತ್ತೋ ಇಲ್ಲವೋ ಅದು ಹೇಳಲ್ಲ. ಮಾಡುವುದಿದ್ದರೆ ಪಕ್ಕದ ಬಂಡೆಯ ಚೂರಿನ ಮೇಲೆ ಮಾಡಿ, ಸಿಕ್ಕ ಕಲ್ಲಿನ ಮೇಲೆ ಬೇಡ. ಅಯಸ್ಕಾಂತ ಗಟ್ಟಿಯಾಗಿ ಎಳೆದರೆ ಕಬ್ಬಿಣದ ಅದಿರು ಅಥವಾ ಕಿಟ್ಟ ಇರಬಹುದು. ನಾಲಿಗೆಗೆ ಅಂಟಿದರೆ ಮೂಳೆ ಅನ್ನುವ ಹಳೆಯ ಪದ್ಧತಿ ಇದೆ, ಆದರೆ ತೂತಿರುವ ಮಣ್ಣಿನ ಹೆಂಟೆಯೂ ಅಂಟುತ್ತದೆ, ರೋಗದ ಭಯ ಬೇರೆ. ಬಿಟ್ಟುಬಿಡಿ.

ಎಣ್ಣೆ, ವಾರ್ನಿಶ್, ಫೆವಿಕಾಲ್ ಯಾವುದನ್ನೂ ಹಚ್ಚಬೇಡಿ. ಒಮ್ಮೆ ಹಚ್ಚಿದರೆ ಮೇಲ್ಮೈಯ ಸೂಕ್ಷ್ಮ ಗುರುತು ಮುಚ್ಚಿಹೋಗುತ್ತದೆ.

ಯಾರಿಗೆ, ಹೇಗೆ ತೋರಿಸಬೇಕು

ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಿಂದ ಶುರು ಮಾಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯ ಮೂರರಲ್ಲೂ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಕರ್ನಾಟಕದ ಕಚೇರಿ ಬೆಂಗಳೂರಿನ ಕುಮಾರಸ್ವಾಮಿ ಲೇಔಟಿನಲ್ಲಿದೆ. ಗಿಡಮರಗಳ ಪಳೆಯುಳಿಕೆ ಅನ್ನಿಸಿದರೆ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಗೂ ಬರೆಯಬಹುದು.

"ಇದೇನು ಹೇಳಿ" ಅಂತ ಒಂದು ಫೋಟೊ ಕಳಿಸಿದರೆ ಯಾರೂ ಏನೂ ಹೇಳಲಾಗಲ್ಲ. ಊರು, ತಾಲ್ಲೂಕು, ಮ್ಯಾಪಿನ ಗುರುತು, ಸಿಕ್ಕ ಆಳ, ಸುತ್ತಲಿನ ಬಂಡೆಯ ಫೋಟೊ, ಕಲ್ಲಿನ ಆರೂ ಬದಿಯ ಫೋಟೊ, ಮುರಿದ ಅಂಚಿದ್ದರೆ ಅದರ ಹತ್ತಿರದ ಫೋಟೊ, ಅಳತೆ, ತೂಕ ಇಷ್ಟನ್ನೂ ಒಂದೇ ಮಿಂಚಂಚೆಯಲ್ಲಿ ಕಳಿಸಿ. ಯಾವುದು ಅನ್ನಿಸಿತು ಅನ್ನುವುದಕ್ಕಿಂತ ಏನು ಕಂಡಿತು ಅಂತ ಬರೆಯಿರಿ. "ಡೈನೊಸಾರ್ ಮೂಳೆ ಸಿಕ್ಕಿದೆ" ಅನ್ನುವ ಬದಲು "ಹೊರಗೆ ಗಟ್ಟಿ ಪದರ, ಒಳಗೆ ತೂತು, 14 ಸೆಂಟಿಮೀಟರ್ ಉದ್ದ" ಅಂದರೆ ಓದುವವರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಮಣ್ಣಿನಿಂದ ಆಗಲೇ ಹೊರಬಂದಿದ್ದ ತುಂಡನ್ನು ಇಟ್ಟುಕೊಳ್ಳಬೇಕಾಗಿ ಬಂದರೆ ಹಳೆ ಪತ್ರಿಕೆಯಲ್ಲಿ ಸುತ್ತಿ, ಜಾಗ ಮತ್ತು ದಿನಾಂಕದ ಚೀಟಿಯನ್ನು ಜೊತೆಗೇ ಇಡಿ. ಬೇರೆಯವರ ಹೊಲವಾದರೆ ಅವರನ್ನು ಕೇಳಿ. ಕಾಡಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಸಂರಕ್ಷಿತ ಜಾಗವಾದರೆ ಏನನ್ನೂ ಎತ್ತಬಾರದು.

ಪಳೆಯುಳಿಕೆ ಅಲ್ಲ ಅಂತ ಉತ್ತರ ಬಂದರೆ, ಹಾಗಾದರೆ ಅದು ಏನು ಅಂತ ತಪ್ಪದೆ ಕೇಳಿ. ಹೌದು ಅಂತ ಬಂದರೆ ಇನ್ನಷ್ಟು ಸಿಗುತ್ತದಾ ಅಂತ ಅಗೆಯಲು ಹೋಗಬೇಡಿ. ತಜ್ಞರು ಬರುವವರೆಗೆ ಆ ಜಾಗವನ್ನು ಹಾಗೇ ಬಿಡಿ. ಮಳೆಗಾಲವಾದರೆ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಹಾಕಿ, ನೀರು ಬೇರೆ ಕಡೆ ಹರಿಯುವ ಹಾಗೆ ಸಣ್ಣ ಕಾಲುವೆ ತೆಗೆಯಿರಿ.